ಬಟನ್ ಆಮೇಲೆ, ಸೆಟ್ಟಿಂಗ್ ಮೊದಲು

ಕಂಪ್ಯೂಟರ್‌ನ ಪವರ್ ಬಟನ್ ಕೆಟ್ಟರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಆನ್ ಮಾಡೋದು ಹೇಗೆ? ಅದಕ್ಕೆ ಉತ್ತರ ಸುಲಭ. ಕ್ಯಾಬಿನೆಟ್‌ನ ಪಕ್ಕದ ತಗಡು ಬಿಚ್ಚಿ, ಮದರ್‌ಬೋರ್ಡ್‌ನ ಮೂಲೆಯಲ್ಲಿರುವ ಎರಡು ಪಿನ್‌ಗಳಿಗೆ ಒಟ್ಟಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದರೆ ಆನ್ ಆಗುತ್ತದೆ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವ ಪ್ರಶ್ನೆ ಬೇರೆ ಇದೆ. ಆ ಮೆಷಿನ್ ಇಷ್ಟು ವರ್ಷ ಏನೇನು ನೆನಪಿಟ್ಟುಕೊಂಡಿತ್ತು? ಅದನ್ನೆಲ್ಲ ಎಲ್ಲಿ ಇಟ್ಟುಕೊಂಡಿತ್ತು? ಬಟನ್ ರಿಪೇರಿಯ ಗಡಿಬಿಡಿಯಲ್ಲಿ ಅದರಲ್ಲಿ ಎಷ್ಟು ಕಳೆದುಹೋಗುತ್ತದೆ?

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ನನ್ನ ಚಿಕ್ಕಪ್ಪನ ಡಿಟಿಪಿ ಅಂಗಡಿ. ಸಾಗರದಲ್ಲಿ ಸಣ್ಣದೊಂದು ಮಳಿಗೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಸೊಸೈಟಿಯ ವಾರ್ಷಿಕ ವರದಿ, ಎಲ್ಲವೂ ಅಲ್ಲೇ ಕಂಪೋಸ್ ಆಗುತ್ತವೆ. ಕೆಲಸ ಮಾಡುವ ಮೆಷಿನ್ 2010ರ ಸುಮಾರಿನದು. ವಿಂಡೋಸ್ 7, ಪುಟ ಜೋಡಿಸುವ ಪೇಜ್‌ಮೇಕರ್ 7, ಕನ್ನಡ ಟೈಪ್ ಮಾಡುವ ನುಡಿ, ಇನ್ನೊಂದು ಹಳೆಯ ಕನ್ನಡ ಸಾಫ್ಟ್‌ವೇರ್, ಅದಕ್ಕೆ ಬೀಗದ ಕೈಯಂತೆ ಕ್ಯಾಬಿನೆಟ್‌ನ ಹಿಂಬದಿಯ ಪ್ಯಾರಲಲ್ ಪೋರ್ಟ್‌ಗೆ (ಹಳೆಯ ಪ್ರಿಂಟರ್‌ಗಳನ್ನು ಸಿಕ್ಕಿಸುತ್ತಿದ್ದ ಜಾಗ) ಸಿಕ್ಕಿಸಿದ ಒಂದು ಡಾಂಗಲ್. ಡಾಂಗಲ್ ಇಲ್ಲದಿದ್ದರೆ ಆ ಸಾಫ್ಟ್‌ವೇರ್ ತೆರೆಯುವುದೇ ಇಲ್ಲ. ಇಂಟರ್‌ನೆಟ್ ಕೆಲಸಕ್ಕೆ ಬೇರೆ ಲ್ಯಾಪ್‌ಟಾಪ್ ಇದೆ. ವಿಂಡೋಸ್ 7ಕ್ಕೆ 2020ರ ಜನವರಿಯಿಂದ ಸೆಕ್ಯುರಿಟಿ ಅಪ್‌ಡೇಟ್ ನಿಂತಿದೆ, ಹಾಗಾಗಿ ಈ ಮೆಷಿನ್‌ಗೆ ನೆಟ್ ಕೊಟ್ಟಿಲ್ಲ. ಅದು ಸರಿಯಾದ ನಿರ್ಧಾರ.

ಇದರ ಪವರ್ ಬಟನ್ ಕೆಲವು ವರ್ಷಗಳ ಹಿಂದೆಯೇ ಸಡಿಲವಾಗಿತ್ತು. ಒತ್ತಿದರೆ ಒಮ್ಮೆ ತಾಗುತ್ತಿತ್ತು, ಒಮ್ಮೆ ಇಲ್ಲ. ಆಗ ಊರಿನ ರಿಪೇರಿಯವರೊಬ್ಬರು ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ, ಮದರ್‌ಬೋರ್ಡ್‌ನದ್ದೇ ಸಾಫ್ಟ್‌ವೇರ್) ಒಳಗೆ ಹೋಗಿ ಒಂದು ಸೆಟ್ಟಿಂಗ್ ಬದಲಿಸಿಕೊಟ್ಟರು. ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ಏನು ಮಾಡಬೇಕು ಅನ್ನುವ ಸೆಟ್ಟಿಂಗ್ ಅದು. ಹೆಚ್ಚಿನ ಬೋರ್ಡ್‌ಗಳಲ್ಲಿ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಅಂತ ಇರುತ್ತದೆ. ಮೂರು ಆಯ್ಕೆ: ಆಫ್ ಆಗಿಯೇ ಇರು, ಮೊದಲು ಹೇಗಿದ್ದೆಯೋ ಹಾಗಿರು, ಕರೆಂಟ್ ಬಂದ ಕೂಡಲೇ ಆನ್ ಆಗು. ಅವರು ಮೂರನೆಯದನ್ನು ಹಾಕಿದರು. ಅಲ್ಲಿಗೆ ಗೋಡೆಯ ಸ್ವಿಚ್ಚೇ ಪವರ್ ಬಟನ್ ಆಯಿತು. ಬೆಳಿಗ್ಗೆ ಸ್ವಿಚ್ ಹಾಕಿದರೆ ಕಂಪ್ಯೂಟರ್ ಆನ್. ರಾತ್ರಿ ವಿಂಡೋಸ್‌ನ ಮೆನುವಿನಿಂದ ಶಟ್‌ಡೌನ್ ಮಾಡಿ, ಆಮೇಲೆ ಸ್ವಿಚ್ ಆಫ್. ಚಿಕ್ಕಪ್ಪನಿಗೆ ಇದು ಎಷ್ಟು ಹಿಡಿಸಿತು ಅಂದ್ರೆ, ಬಟನ್ ಅನ್ನೋದು ಒಂದಿದೆ ಅನ್ನುವುದೇ ಅವರಿಗೆ ಮರೆತುಹೋಯಿತು.

ಈ ಉಪಾಯ ತುಂಬ ಜನ ಮಾಡುತ್ತಾರೆ. ಕೆಲಸವೂ ಮಾಡುತ್ತದೆ. ಆದರೆ ಇದರಲ್ಲೊಂದು ಸಿಕ್ಕು ಇದೆ. ಅದು ಅರ್ಥವಾಗಬೇಕಾದರೆ ಆ ಬಟನ್ ಅಸಲಿಗೆ ಏನು ಮಾಡುತ್ತದೆ, ಸೆಟ್ಟಿಂಗ್ ಎಲ್ಲಿ ಕೂತಿರುತ್ತದೆ ಅನ್ನುವುದನ್ನು ಸ್ವಲ್ಪ ನೋಡಬೇಕು.

1981ರಲ್ಲಿ ಬಂದ ಮೊದಲ ಐಬಿಎಂ ಪಿಸಿಯಲ್ಲಿ ಬಲಗಡೆ ಹಿಂದೆ ಒಂದು ದಪ್ಪ ಕೆಂಪು ಸ್ವಿಚ್ ಇತ್ತು. ಅದು ನಿಜವಾದ ಸ್ವಿಚ್. ಮೇಲೆ ಎತ್ತಿದರೆ ಕರೆಂಟ್ ಒಳಗೆ, ಕೆಳಗೆ ಇಳಿಸಿದರೆ ಹೊರಗೆ. ಅದರ ಸೆಟ್ಟಿಂಗ್‌ಗಳೂ ನಿಜವಾದ ಸ್ವಿಚ್‌ಗಳೇ. ಮದರ್‌ಬೋರ್ಡ್ ಮೇಲೆ ಸಾಲಾಗಿ ಕೂತ ಪುಟ್ಟ ಡಿಪ್ ಸ್ವಿಚ್‌ಗಳು. ಎಷ್ಟು ಮೆಮೊರಿ ಇದೆ, ಎಷ್ಟು ಫ್ಲಾಪಿ ಡ್ರೈವ್ ಇವೆ, ಯಾವ ತರಹದ ಪರದೆ ಇದೆ ಅನ್ನುವುದನ್ನು ಪೆನ್ನಿನ ತುದಿಯಿಂದ ಆ ಸ್ವಿಚ್‌ಗಳನ್ನು ಸರಿಸಿ ಹೇಳಬೇಕಿತ್ತು. ಒಗ್ಗಿಕೊಳ್ಳುವುದು ಕಷ್ಟ. ಆದರೆ ಒಮ್ಮೆ ಸರಿಸಿಟ್ಟರೆ ಹತ್ತು ವರ್ಷ ಕರೆಂಟ್ ಇಲ್ಲದೆ ಇಟ್ಟರೂ ಹಾಗೇ ಇರುತ್ತಿತ್ತು. ಮರೆಯುವ ಮಾತೇ ಇಲ್ಲ.

1984ರ ಐಬಿಎಂ ಪಿಸಿ ಎಟಿ ಬಂದಾಗ ಇದು ಬದಲಾಯಿತು. ಅದರಲ್ಲಿ ಮೊಟೊರೊಲಾದ ಒಂದು ಗಡಿಯಾರದ ಚಿಪ್ ಇತ್ತು. ಆ ಚಿಪ್ ಒಳಗೇ 64 ಬೈಟ್‌ನ ಪುಟ್ಟ ಮೆಮೊರಿ. 14 ಬೈಟ್ ಗಡಿಯಾರದ ಕೆಲಸಕ್ಕೆ, ಉಳಿದ 50 ಬೈಟ್ ಸೆಟ್ಟಿಂಗ್‌ಗಳಿಗೆ. ಇದನ್ನೇ ನಾವು ಇವತ್ತಿಗೂ ಸಿಮಾಸ್ ಅನ್ನುತ್ತೇವೆ. ಕಂಪ್ಯೂಟರ್ ಆಫ್ ಆದ ಮೇಲೂ ಇದು ಬದುಕಿರಬೇಕಲ್ಲ, ಅದಕ್ಕೆ ಒಂದು ಬ್ಯಾಟರಿ. ಆಮೇಲೆ ಬಂದ ಬೋರ್ಡ್‌ಗಳಲ್ಲಿ ಆ ಜಾಗಕ್ಕೆ ಸಿಆರ್ 2032 ಸೆಲ್ ಬಂತು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಅಂಗಡಿಯಲ್ಲಿ ಕೇಳಿದರೆ ‘ಸಿಮಾಸ್ ಸೆಲ್ಲಾ?’ ಅಂತಲೇ ಕೊಡುತ್ತಾರೆ.

ಬಟನ್‌ನ ಕಥೆ ಬದಲಾದದ್ದು 1995ರಲ್ಲಿ. ಇಂಟೆಲ್ ಆ ವರ್ಷ ಎಟಿಎಕ್ಸ್ ಅನ್ನುವ ಹೊಸ ಮಾದರಿ ತಂದಿತು. ಅಲ್ಲಿಯವರೆಗೆ ಎದುರಿನ ಬಟನ್ ಮನೆಯ ಕರೆಂಟನ್ನೇ ನೇರವಾಗಿ ಕಡಿಯುತ್ತಿತ್ತು. ವಿಂಡೋಸ್ 95ರಲ್ಲಿ ಶಟ್‌ಡೌನ್ ಕೊಟ್ಟ ಮೇಲೆ ಕಪ್ಪು ಪರದೆಯ ಮೇಲೆ ಕಿತ್ತಳೆ ಬಣ್ಣದಲ್ಲಿ ‘ಈಗ ಕಂಪ್ಯೂಟರ್ ಆಫ್ ಮಾಡಬಹುದು’ ಅಂತ ಬರುತ್ತಿದ್ದದ್ದು ಕೆಲವರಿಗಾದರೂ ನೆನಪಿರಬೇಕು. ಆಮೇಲೆ ನಾವೇ ಬಟನ್ ಒತ್ತಿ ಆಫ್ ಮಾಡಬೇಕಿತ್ತು. ಎಟಿಎಕ್ಸ್ ಬಂದ ಮೇಲೆ ಪವರ್ ಬಟನ್ ಕಾಲಿಂಗ್ ಬೆಲ್‌ನಂತೆ ಆಯಿತು. ಬೆಲ್ ಒತ್ತಿದರೆ ಬಾಗಿಲು ತಾನಾಗಿ ತೆರೆಯುವುದಿಲ್ಲ, ಒಳಗಿದ್ದವರು ಬಂದು ತೆರೆಯಬೇಕು. ಇಲ್ಲಿ ಒಳಗಿರುವವರು ಮದರ್‌ಬೋರ್ಡ್. ಪ್ಲಗ್‌ನಲ್ಲಿ ಕರೆಂಟ್ ಇರುವಷ್ಟು ಹೊತ್ತೂ ಪವರ್ ಸಪ್ಲೈಯ ನೇರಳೆ ವೈರಿನಲ್ಲಿ 5 ವೋಲ್ಟ್ ಬರುತ್ತಲೇ ಇರುತ್ತದೆ. ಇದು ಸ್ಟ್ಯಾಂಡ್‌ಬೈ. ಅದರ ಬಲದಿಂದ ಬೋರ್ಡ್ ಎಚ್ಚರವಾಗಿರುತ್ತದೆ. ಬಟನ್ ಒತ್ತಿದರೆ ಎರಡು ಪಿನ್ ಒಂದು ಕ್ಷಣ ಸೇರುತ್ತವೆ. ಬೋರ್ಡ್ ಅದನ್ನು ಗಮನಿಸಿ, ಹಸಿರು ವೈರಿನ ಮೂಲಕ ‘ಪೂರ್ತಿ ಕರೆಂಟ್ ಕೊಡು’ ಅಂತ ಪವರ್ ಸಪ್ಲೈಗೆ ಹೇಳುತ್ತದೆ.

ಮುಂದಿನ ವರ್ಷದ ಕೊನೆಗೆ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಅನ್ನುವ ನಿಯಮಗಳನ್ನು ಹೊರತಂದವು. ಅದರ ಪ್ರಕಾರ ಬಟನ್‌ಗೆ ಇನ್ನೊಂದು ಅರ್ಥವೂ ಇದೆ. ನಾಲ್ಕು ಸೆಕೆಂಡ್‌ಗಿಂತ ಜಾಸ್ತಿ ಒತ್ತಿ ಹಿಡಿದರೆ, ವಿಂಡೋಸ್ ಏನೇ ಮಾಡುತ್ತಿರಲಿ, ಯಾರನ್ನೂ ಕೇಳದೆ ಕರೆಂಟ್ ಕಡಿ. ಮೆಷಿನ್ ಪೂರ್ತಿ ಹ್ಯಾಂಗ್ ಆದಾಗ ಇದೇ ಗತಿ, ಹಾಗಾಗಿ ಅಗತ್ಯವಾದ ನಿಯಮವೇ. ಆದರೆ ಬಟನ್ ಒತ್ತಿದಲ್ಲೇ ಸಿಕ್ಕಿಹಾಕಿಕೊಂಡರೆ? ಮೆಷಿನ್ ಆನ್ ಆಗುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮೇಲೆ ಕಂಪನಿಯ ಹೆಸರು ಮೂಡುತ್ತದೆ, ಅಷ್ಟರಲ್ಲಿ ಸತ್ತುಹೋಗುತ್ತದೆ. ಪವರ್ ಸಪ್ಲೈ ಕೆಟ್ಟಿದೆ, ಬೋರ್ಡ್ ಹೋಗಿದೆ ಅಂತ ಜನ ಎಷ್ಟೋ ದುಡ್ಡು ಸುರಿಯುವುದು ಇಲ್ಲಿಯೇ. ಆನ್ ಆಗಿ ಸರಿಯಾಗಿ ನಾಲ್ಕೈದು ಸೆಕೆಂಡ್‌ಗೆ ಆಫ್ ಆಗುತ್ತಿದ್ದರೆ ಮೊದಲು ಬಟನ್ ಮೇಲೆ ಅನುಮಾನ ಪಡಿ.

ಈಗ ಸಿಕ್ಕಿನ ವಿಷಯಕ್ಕೆ ಬರುತ್ತೇನೆ. ಪ್ಲಗ್‌ನಲ್ಲಿ ಕರೆಂಟ್ ಇದ್ದಾಗ ಸಿಮಾಸ್ ಮತ್ತು ಗಡಿಯಾರ ಆ ಸ್ಟ್ಯಾಂಡ್‌ಬೈ ಕರೆಂಟಿನಿಂದಲೇ ಬದುಕುತ್ತವೆ. ಸೆಲ್ ಸುಮ್ನೆ ಕೂತಿರುತ್ತದೆ. ಗೋಡೆಯ ಸ್ವಿಚ್ ಆಫ್ ಮಾಡಿದ ಕ್ಷಣದಿಂದ ಪೂರ್ತಿ ಭಾರ ಸೆಲ್ ಮೇಲೆ. ಸಿಮಾಸ್ ಎಳೆಯುವುದು ಕೆಲವೇ ಮೈಕ್ರೋ ಆಂಪಿಯರ್, ಹಾಗಾಗಿ ಸೆಲ್ ಕೆಲವು ವರ್ಷ ಬಾಳುತ್ತದೆ. ಆದರೆ ಚಿಕ್ಕಪ್ಪನ ಅಂಗಡಿಯಲ್ಲಿ ರಾತ್ರಿಯಿಡೀ ಸ್ವಿಚ್ ಆಫ್, ಭಾನುವಾರ ಆಫ್, ಹಬ್ಬಕ್ಕೆ ಆಫ್. ಲೆಕ್ಕ ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಸಮಯ ಆ ಸೆಲ್ ಒಂದೇ ದುಡಿಯುತ್ತಿತ್ತು. ಗೋಡೆಯ ಸ್ವಿಚ್ಚನ್ನು ಬಟನ್ ಮಾಡಿಕೊಟ್ಟ ಸೆಟ್ಟಿಂಗ್ ಇದ್ದದ್ದು ಸಿಮಾಸ್‌ನಲ್ಲಿ. ಸಿಮಾಸ್ ಬದುಕಿದ್ದದ್ದು ಸೆಲ್‌ನಿಂದ. ಆ ಸೆಲ್ಲನ್ನು ಪ್ರತಿ ರಾತ್ರಿ ಸವೆಸುತ್ತಿದ್ದದ್ದು ಅದೇ ಗೋಡೆಯ ಸ್ವಿಚ್. ಕೆಟ್ಟ ಬಟನ್‌ಗೆ ಬದಲಾಗಿ ಬಂದ ಉಪಾಯ ತನ್ನ ಕಾಲಬುಡವನ್ನೇ ದಿನಾ ಸ್ವಲ್ಪ ಸ್ವಲ್ಪ ಕೊರೆಯುತ್ತಿತ್ತು.

ಮಲೆನಾಡಿನ ಮಳೆಗಾಲದಲ್ಲಿ ಈ ಸೆಟ್ಟಿಂಗ್‌ಗೆ ಇನ್ನೊಂದು ಅಪಾಯವೂ ಇದೆ. ಕರೆಂಟ್ ಹೋಗುವುದು, ಬರುವುದು, ಎರಡು ನಿಮಿಷಕ್ಕೆ ಮತ್ತೆ ಹೋಗುವುದು ನಮಗೆ ಹೊಸದಲ್ಲ. ಯುಪಿಎಸ್‌ನ ಬ್ಯಾಟರಿ ಹಳೆಯದಾಗಿದ್ದರೆ ಅದು ತಡೆದುಕೊಳ್ಳುವುದಿಲ್ಲ. ಆಗ ಕರೆಂಟ್ ಬಂದಾಗಲೆಲ್ಲ ಕಂಪ್ಯೂಟರ್ ತಾನೇ ಆನ್ ಆಗುತ್ತದೆ, ವಿಂಡೋಸ್ ಅರ್ಧ ತೆರೆಯುವಷ್ಟರಲ್ಲಿ ಮತ್ತೆ ಕಡಿತ. ಡಿಸ್ಕ್ ಮೇಲೆ ಬರೆಯುವ ಹೊತ್ತಿಗೇ ಹೊಡೆತ ಬೀಳುತ್ತದೆ. ಎರಡನೆಯ ಆಯ್ಕೆ, ಅಂದರೆ ಮೊದಲಿದ್ದ ಸ್ಥಿತಿಗೆ ಹೋಗು ಅನ್ನುವುದು ಇದಕ್ಕಿಂತ ವಾಸಿ. ಆದರೆ ಸರಿಯಾಗಿ ಶಟ್‌ಡೌನ್ ಮಾಡಿ ಗೋಡೆಯ ಸ್ವಿಚ್ ಆಫ್ ಮಾಡಿದ್ದರೆ ಮೊದಲಿದ್ದ ಸ್ಥಿತಿ ಆಫ್. ಬೆಳಿಗ್ಗೆ ಆನ್ ಆಗುವುದಿಲ್ಲ. ಹಾಗಾಗಿ ಬಟನ್ ಇಲ್ಲದವರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ಆಷಾಢದಲ್ಲಿ ಮದುವೆ ಇಲ್ಲ, ಕೆಲಸ ಕಡಿಮೆ. ಚಿಕ್ಕಪ್ಪ ಕೆಲವು ದಿನ ಅಂಗಡಿ ತೆರೆದಿರಲಿಲ್ಲ. ತೆರೆದ ದಿನ ಗೋಡೆಯ ಸ್ವಿಚ್ ಹಾಕಿದರು. ಏನೂ ಆಗಲಿಲ್ಲ. ಅವರಿಗೆ ಆಗ ಪವರ್ ಬಟನ್ ನೆನಪಾಯಿತು. ಸಿಟ್ಟಿನಲ್ಲಿ ಜೋರಾಗಿಯೇ ಒತ್ತಿದರಂತೆ. ಆನ್ ಆಯಿತು. ಪರದೆ ಮೇಲೆ ಸಿಮಾಸ್ ಚೆಕ್‌ಸಮ್ (ನೆನಪಿಟ್ಟದ್ದು ಸರಿಯಿದೆಯೇ ಅಂತ ತಾಳೆ ನೋಡುವ ಲೆಕ್ಕ) ಸರಿಯಿಲ್ಲ, ತಾರೀಖು ಸೆಟ್ ಆಗಿಲ್ಲ, ಡೀಫಾಲ್ಟ್ (ಕಂಪನಿಯಿಂದ ಬಂದಾಗ ಇದ್ದ ಸೆಟ್ಟಿಂಗ್) ಹಾಕಿ ಮುಂದುವರಿಯಲು ಎಫ್2 ಒತ್ತಿ ಅಂತ ಬಂತು. ಒತ್ತಿದರು. ವಿಂಡೋಸ್‌ನ ಚಿಹ್ನೆ ಬಂದು, ನೀಲಿ ಪರದೆ ಮಿಂಚಿ, ಮತ್ತೆ ಮೊದಲಿನಿಂದ ಶುರುವಾಯಿತು. ಆಫ್ ಮಾಡಿ ಮತ್ತೆ ಬಟನ್ ಒತ್ತಿದರು. ಈ ಸಲ ಬಟನ್ ಹೊರಗೆ ಬರಲೇ ಇಲ್ಲ. ಒತ್ತಿದಲ್ಲೇ ಕಚ್ಚಿಕೊಂಡಿತು. ಆಮೇಲೆ ನಾಲ್ಕು ಸೆಕೆಂಡ್‌ನ ಆಟ ಶುರು.

‘ಹಾರ್ಡ್‌ಡಿಸ್ಕ್ ಹೋಯ್ತು ಅನ್ಸುತ್ತೆ, ಹೊಸದು ತಗೊಂಡು ಎಲ್ಲ ಮೊದಲಿಂದ ಹಾಕ್ಸು ಅಂತಿದಾರೆ. ನೀನೇನಂತೀಯ?’ ಅಂತ ಫೋನ್ ಮಾಡಿದರು.

‘ಚಿಕ್ಕಪ್ಪ, ಯಾರ ಕೈಯಲ್ಲೂ ಫಾರ್ಮ್ಯಾಟ್ ಮಾಡಿಸಬೇಡಿ. ಶನಿವಾರ ಬರ್ತೀನಿ’ ಅಂದೆ.

ಆ ನೀಲಿ ಪರದೆಗೆ ಕಾರಣ ಡಿಸ್ಕ್ ಆಗಿರಲಿಕ್ಕಿಲ್ಲ ಅಂತ ನನಗೆ ಅನ್ನಿಸಿತ್ತು. ಆ ಕಾಲದ ಬೋರ್ಡ್‌ಗಳಲ್ಲಿ ಹಾರ್ಡ್‌ಡಿಸ್ಕ್ ಜೊತೆ ಮಾತಾಡಲು ಎರಡು ದಾರಿ ಇರುತ್ತಿದ್ದವು: ಐಡಿಇ, ಎಎಚ್‌ಸಿಐ. ಬಯೋಸ್‌ನಲ್ಲಿ ಯಾವುದು ಇದ್ದಾಗ ವಿಂಡೋಸ್ ಹಾಕಿದ್ದರೋ ಆ ದಾರಿಯ ಡ್ರೈವರ್ (ಆ ಭಾಗವನ್ನು ನಡೆಸುವ ಸಾಫ್ಟ್‌ವೇರ್) ಮಾತ್ರ ವಿಂಡೋಸ್ 7 ಶುರುವಾಗುವಾಗ ಎಚ್ಚರವಾಗಿರುತ್ತದೆ. ಸಿಮಾಸ್ ಮರೆತು ಡೀಫಾಲ್ಟ್‌ಗೆ ಹೋದಾಗ ದಾರಿ ಬದಲಾದರೆ, ವಿಂಡೋಸ್‌ಗೆ ತನ್ನದೇ ಡಿಸ್ಕ್ ಕಾಣುವುದಿಲ್ಲ. ಕೊನೆಯಲ್ಲಿ 7ಬಿ ಅಂತಿರುವ ಸ್ಟಾಪ್ ಕೋಡ್ ತೋರಿಸಿ ನಿಲ್ಲುತ್ತದೆ. ಡಿಸ್ಕ್ ಗಟ್ಟಿಮುಟ್ಟಾಗಿದೆ, ಅದರಲ್ಲಿರುವುದೆಲ್ಲ ಹಾಗೇ ಇದೆ, ಒಂದು ಸಾಲಿನ ಸೆಟ್ಟಿಂಗ್ ಮಾತ್ರ ತಪ್ಪಿದೆ. ಈ ಒಂದು ಸಾಲಿಗಾಗಿ ಎಷ್ಟು ಕಂಪ್ಯೂಟರ್‌ಗಳು ಫಾರ್ಮ್ಯಾಟ್ ಆಗಿವೆಯೋ ಅಂತ ನೆನೆದರೆ ಬೇಜಾರಾಗುತ್ತದೆ.

ಹೋದ ಮೇಲೆ ಮಾಡಿದ ಕೆಲಸದಲ್ಲಿ ಕ್ರಮ ಮುಖ್ಯ, ಅದಕ್ಕೇ ಬರೆಯುತ್ತಿದ್ದೇನೆ. ಪ್ಲಗ್ ತೆಗೆದು ಪಕ್ಕದ ತಗಡು ಬಿಚ್ಚಿದೆ. ಎದುರಿನ ಬಟನ್‌ಗಳಿಂದ ಬರುವ ಸಣ್ಣ ವೈರ್‌ಗಳು ಬೋರ್ಡ್‌ನ ಒಂದು ಮೂಲೆಯ ಪಿನ್‌ಗಳಿಗೆ ಸಿಕ್ಕಿಸಿರುತ್ತವೆ. ಅವುಗಳ ತುದಿಯಲ್ಲಿ ಪವರ್ ಸ್ವಿಚ್, ರೀಸೆಟ್ ಸ್ವಿಚ್ ಅಂತ ಅಚ್ಚಾಗಿರುತ್ತದೆ. ಪವರ್ ಸ್ವಿಚ್‌ನದ್ದನ್ನು ಕಿತ್ತೆ. ಅಲ್ಲಿಗೆ ಕಚ್ಚಿಕೊಂಡ ಬಟನ್‌ನ ಮಾತು ಬೋರ್ಡ್‌ಗೆ ಕೇಳಿಸುವುದು ನಿಂತಿತು. ನಾಲ್ಕು ಸೆಕೆಂಡ್‌ನ ಕಾಟ ಮುಗಿಯಿತು. ಆದರೆ ತಕ್ಷಣ ಆನ್ ಮಾಡಿ ಬಯೋಸ್‌ಗೆ ಹೋಗಲಿಲ್ಲ. ಸೆಲ್ ಸತ್ತಿರುವಾಗ ಬಯೋಸ್‌ನಲ್ಲಿ ಎಫ್10 ಒತ್ತಿ ಸೇವ್ ಮಾಡಿದರೆ ಅದು ಉಳಿಯುವುದು ಪ್ಲಗ್ ತೆಗೆಯುವವರೆಗೆ ಮಾತ್ರ. ಸೇವ್ ಆಯಿತು ಅಂತ ಪರದೆ ಹೇಳುತ್ತದೆ, ರೀಸ್ಟಾರ್ಟ್ ಆದ ಮೇಲೂ ಸರಿಯಾಗಿಯೇ ಇರುತ್ತದೆ, ಯಾಕಂದ್ರೆ ಸ್ಟ್ಯಾಂಡ್‌ಬೈ ಕರೆಂಟ್ ಇದೆ. ಮರುದಿನ ಬೆಳಿಗ್ಗೆ ಮತ್ತೆ ಖಾಲಿ. ಹಾಗಾಗಿ ಮೊದಲು ಸೆಲ್. ಹೊಸ ಸಿಆರ್ 2032 ತಂದು, ಪ್ಲಗ್ ತೆಗೆದಿರುವಾಗಲೇ, ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿದೆ. ಮಲ್ಟಿಮೀಟರ್‌ನಲ್ಲಿ ನೋಡಿದರೆ ಹಳೆಯ ಸೆಲ್‌ನಲ್ಲಿ 3 ವೋಲ್ಟ್‌ಗೆ ಎಷ್ಟೋ ಕಡಿಮೆ ಇತ್ತು.

ಆಮೇಲೆ ಪ್ಲಗ್ ಹಾಕಿ, ಪವರ್ ಸ್ವಿಚ್‌ನ ಎರಡು ಪಿನ್‌ಗೆ ಸ್ಕ್ರೂಡ್ರೈವರ್ ಮುಟ್ಟಿಸಿ ತೆಗೆದೆ. ಚಿಕ್ಕಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ಹೆದರುವ ಅಗತ್ಯ ಇಲ್ಲ, ಅಲ್ಲಿರುವುದು 5 ವೋಲ್ಟ್ ಅಥವಾ ಅದಕ್ಕೂ ಕಡಿಮೆ. ಆದರೆ ಸರಿಯಾದ ಎರಡು ಪಿನ್ ಯಾವುದು ಅಂತ ಬೋರ್ಡ್ ಮೇಲಿನ ಅಕ್ಷರ ಓದಿಯೇ ಮುಟ್ಟಿಸಬೇಕು. ಹೆದರಬೇಕಾದ ಜಾಗ ಪವರ್ ಸಪ್ಲೈಯ ಡಬ್ಬಿ. ಅದರೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಆ ಡಬ್ಬಿಯನ್ನು ಬಿಚ್ಚುವ ಕೆಲಸ ನಮ್ಮದಲ್ಲ.

ಡಿಲೀಟ್ ಕೀ ಒತ್ತಿ ಬಯೋಸ್ ಒಳಗೆ ಹೋದೆವು. ತಾರೀಖು, ಸಮಯ ಸರಿ ಮಾಡಿದೆವು. ಡಿಸ್ಕ್‌ನ ದಾರಿಯನ್ನು ಐಡಿಇ ಮಾಡಿದೆವು. ಇಲ್ಲದ ಫ್ಲಾಪಿ ಡ್ರೈವ್ ಇದೆ ಅಂತ ಡೀಫಾಲ್ಟ್ ಅಂದುಕೊಂಡಿತ್ತು, ಅದನ್ನು ತೆಗೆದೆವು. ಎಫ್10. ವಿಂಡೋಸ್ ಏನೂ ಆಗದವರ ಹಾಗೆ ತೆರೆಯಿತು. ಚಿಕ್ಕಪ್ಪ ಮೊದಲು ತೆರೆದು ನೋಡಿದ್ದು ಪೇಜ್‌ಮೇಕರ್. ಆಮೇಲೆ ಆ ಡಾಂಗಲ್‌ನ ಸಾಫ್ಟ್‌ವೇರ್. ಅದು ತೆರೆಯಲಿಲ್ಲ. ಡಾಂಗಲ್ ಕಾಣುತ್ತಿಲ್ಲ ಅಂತ ಹೇಳಿತು. ಮತ್ತೆ ಬಯೋಸ್‌ಗೆ ಹೋಗಿ ಪ್ಯಾರಲಲ್ ಪೋರ್ಟ್‌ನ ಮೋಡ್‌ಗಳನ್ನು ಒಂದೊಂದಾಗಿ ಬದಲಿಸಿ ನೋಡಬೇಕಾಯಿತು. ಸರಿಯಾದದ್ದು ಸಿಕ್ಕ ಮೇಲೆ ಚಿಕ್ಕಪ್ಪ ಒಂದು ಮಾತು ಹೇಳಿದರು: ‘ಇದನ್ನ ಮೊದಲೇ ಯಾರಾದ್ರೂ ಬರೆದಿಟ್ಟಿದ್ರೆ ಐದು ನಿಮಿಷದ ಕೆಲಸ ಅಲ್ವಾ?’

ಅಲ್ಲೇ ಬರೆದೆವು. ಬಯೋಸ್‌ನ ಪ್ರತಿ ಪುಟವನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದೆವು. ಹೊಸ ಬೋರ್ಡ್ ಇರುವವರಿಗೆ ಇನ್ನೂ ಸುಲಭದ ದಾರಿ ಇದೆ. ಬಯೋಸ್‌ನ ಹೊಸ ರೂಪವಾದ ಯುಇಎಫ್‌ಐ ಇರುವ ಎಷ್ಟೋ ಬೋರ್ಡ್‌ಗಳಲ್ಲಿ ಪೆನ್‌ಡ್ರೈವ್ ಸಿಕ್ಕಿಸಿ ಎಫ್12 ಒತ್ತಿದರೆ ಆ ಪುಟದ ಚಿತ್ರವೇ ಅದರಲ್ಲಿ ಸೇವ್ ಆಗುತ್ತದೆ. ಎಲ್ಲ ಸೆಟ್ಟಿಂಗ್ ಸೇರಿದ ಪೂರ್ತಿ ಪ್ರೊಫೈಲನ್ನೇ ಫೈಲ್ ಮಾಡಿ ಇಡುವ ಸವಲತ್ತೂ ಇರುತ್ತದೆ. ಈ ಬೋರ್ಡ್‌ಗಳಲ್ಲಿ ಹೆಚ್ಚಿನ ಸೆಟ್ಟಿಂಗ್‌ಗಳು ಸೆಲ್ ಬೇಡದ ಫ್ಲ್ಯಾಶ್ ಚಿಪ್‌ನಲ್ಲಿ ಇರುತ್ತವೆ. ಆದರೂ ಸೆಲ್ ಸತ್ತಾಗ ಡೀಫಾಲ್ಟ್‌ಗೆ ಹೋಗಿಬಿಡುವ ಬೋರ್ಡ್‌ಗಳು ಇವೆ. ಆ ಪ್ರೊಫೈಲನ್ನು ಬೋರ್ಡ್ ಒಳಗೇ ಸೇವ್ ಮಾಡಿ ಸುಮ್ಮನಾಗಬೇಡಿ, ಪೆನ್‌ಡ್ರೈವ್‌ಗೂ ಹಾಕಿಕೊಳ್ಳಿ.

ಬಯೋಸ್‌ನದ್ದು ಅಷ್ಟು. ನನ್ನ ಮಟ್ಟಿಗೆ ನಿಜವಾದ ಆಸ್ತಿ ಇರುವುದು ವಿಂಡೋಸ್ ಒಳಗೆ. ಚಿಕ್ಕಪ್ಪನ ಪ್ರಿಂಟರ್‌ನಲ್ಲಿ ದಪ್ಪ ಕಾರ್ಡ್ ಹಾಕಿದರೆ ಅಚ್ಚು ಸ್ವಲ್ಪ ಎಡಕ್ಕೆ ಸರಿಯುತ್ತದೆ. ಅದನ್ನು ಸರಿಪಡಿಸಲು ಎಷ್ಟು ಅಂಚು ಬಿಡಬೇಕು ಅನ್ನುವುದು ಅವರು ಎಷ್ಟೋ ಕಾರ್ಡ್ ಹಾಳು ಮಾಡಿ ಕಂಡುಕೊಂಡದ್ದು. ಪೇಟೆಯಲ್ಲಿ ಸಿಗುವ ಒಂದೊಂದು ನಮೂನೆಯ ಲಗ್ನಪತ್ರಿಕೆಗೂ ಬೇರೆ ಬೇರೆ ಪೇಪರ್ ಸೈಜ್, ಅವಕ್ಕೆಲ್ಲ ಹೆಸರಿಟ್ಟು ಪ್ರಿಂಟರ್ ಡ್ರೈವರ್‌ನಲ್ಲಿ ಸೇವ್ ಮಾಡಿದ್ದರು. ಕೀಬೋರ್ಡ್ ಶಾರ್ಟ್‌ಕಟ್‌ಗಳು, ಸ್ಟೈಲ್‌ಗಳು, ಯಾವ ತಲೆಬರಹಕ್ಕೆ ಯಾವ ಫಾಂಟ್ ಅನ್ನುವ ಟೆಂಪ್ಲೇಟ್‌ಗಳು. ಇವು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೊಸ ಕಂಪ್ಯೂಟರ್ ನಾಳೆಯೇ ಬರಬಹುದು. ಆದರೆ ಆ ಸಂಖ್ಯೆಗಳನ್ನು ಮತ್ತೆ ಕಂಡುಕೊಳ್ಳಲು ಇನ್ನೊಂದಷ್ಟು ವರ್ಷ ಬೇಕು. ಫಾರ್ಮ್ಯಾಟ್ ಮಾಡಿ ಅಂತ ಸಲೀಸಾಗಿ ಹೇಳುವವರಿಗೆ ಇದು ಕಾಣುವುದಿಲ್ಲ. ಫೈಲ್‌ಗಳನ್ನು ಕಾಪಿ ಮಾಡಿಕೊಂಡರೆ ಎಲ್ಲ ಉಳಿಯಿತು ಅಂದುಕೊಳ್ಳುತ್ತಾರೆ. ಒಬ್ಬರು ವರ್ಷಗಟ್ಟಲೆ ಕೂತು ಕೆಲಸ ಮಾಡಿದ ರೀತಿ ಫೈಲ್‌ಗಳಲ್ಲಿ ಇರುವುದಿಲ್ಲ, ಸೆಟ್ಟಿಂಗ್‌ಗಳಲ್ಲಿ ಇರುತ್ತದೆ.

ಫಾಂಟ್‌ಗಳ ವಿಷಯ ಇನ್ನೂ ಸೂಕ್ಷ್ಮ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯುನಿಕೋಡ್ ಪೇಜ್‌ಮೇಕರ್‌ಗೆ ಬರುವುದಿಲ್ಲ. ಅದರಲ್ಲಿ ಮಾಡಿದ ಕನ್ನಡದ ಕೆಲಸವೆಲ್ಲ ಹಳೆಯ ನಮೂನೆಯ ಫಾಂಟ್‌ಗಳಲ್ಲಿ ಇದೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟ್‌ಗಳು ಅವು. ಆ ಫಾಂಟ್ ಫೈಲ್ ಹೋದರೆ ವರ್ಷಗಳ ಲಗ್ನಪತ್ರಿಕೆಗಳು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಒಂದೇ ಹೆಸರಿನ ಫಾಂಟ್‌ನ ಬೇರೆ ಆವೃತ್ತಿ ಹಾಕಿದರೆ ಒತ್ತಕ್ಷರ ಎಲ್ಲೋ ಹೋಗಿ ಕೂರಬಹುದು. ಹಾಗಾಗಿ ಇಡೀ ಫಾಂಟ್ ಫೋಲ್ಡರನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡೆವು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಚಿಕ್ಕಪ್ಪನ ಸಾಫ್ಟ್‌ವೇರ್‌ಗಳಿಗೆ ಸೇರಿದ ಭಾಗಗಳನ್ನು ಎಕ್ಸ್‌ಪೋರ್ಟ್ ಮಾಡಿದೆವು. ಪ್ರಿಂಟರ್‌ನ ಅಂಚು, ಪೇಪರ್ ಸೈಜ್‌ಗಳನ್ನು ಪರದೆಯ ಚಿತ್ರ ತೆಗೆದದ್ದಲ್ಲದೆ ಕಾಗದದಲ್ಲೂ ಬರೆದೆವು. ಡ್ರೈವರ್ ಬದಲಾದರೆ ಎಕ್ಸ್‌ಪೋರ್ಟ್ ಮಾಡಿದ್ದು ಕೆಲಸಕ್ಕೆ ಬಾರದೇ ಹೋಗಬಹುದು, ಮಿಲಿಮೀಟರ್ ಲೆಕ್ಕ ಯಾವ ಡ್ರೈವರ್‌ಗೂ ಆಗುತ್ತದೆ. ವಿಂಡೋಸ್‌ನ ಹಳೆಯ ಸ್ಥಿತಿಗೆ ಮರಳುವ ಸಿಸ್ಟಮ್ ರಿಸ್ಟೋರ್ ಪಾಯಿಂಟ್ ಇದೆಯಲ್ಲ ಅಂತ ಕೆಲವರು ಧೈರ್ಯವಾಗಿರುತ್ತಾರೆ. ಅದು ಅದೇ ಡಿಸ್ಕ್‌ನಲ್ಲಿ ಇರುತ್ತದೆ, ಡಿಸ್ಕ್ ಹೋದರೆ ಅದೂ ಹೋಗುತ್ತದೆ.

ಇಲ್ಲಿ ಕೆಟ್ಟ ಬಟನ್‌ಗೂ ವಿಂಡೋಸ್ ಸೆಟ್ಟಿಂಗ್‌ಗೂ ನೇರ ಸಂಬಂಧ ಇದೆ. ನಾವು ಒಂದು ಸೆಟ್ಟಿಂಗ್ ಬದಲಿಸಿ ಓಕೆ ಒತ್ತಿದ ಕೂಡಲೇ ಅದು ಡಿಸ್ಕ್ ಮೇಲೆ ಕೂತಿತು ಅಂದುಕೊಳ್ಳುತ್ತೇವೆ. ಹಾಗಿಲ್ಲ. ರಿಜಿಸ್ಟ್ರಿಯ ಬದಲಾವಣೆ ಮೊದಲು ಮೆಮೊರಿಯಲ್ಲಿ ಆಗುತ್ತದೆ, ಡಿಸ್ಕ್‌ಗೆ ಹೋಗುವುದು ಸ್ವಲ್ಪ ತಡವಾಗಿ. ಕೆಲವು ಸಾಫ್ಟ್‌ವೇರ್‌ಗಳಂತೂ ತಮ್ಮ ಸೆಟ್ಟಿಂಗ್ ಬರೆಯುವುದು ಅವನ್ನು ಮುಚ್ಚುವಾಗ ಮಾತ್ರ. ವರ್ಡ್‌ನ ಮೂಲ ಟೆಂಪ್ಲೇಟ್ ಹಾಗೆ. ಬೆಳಿಗ್ಗೆಯಿಂದ ಸಂಜೆವರೆಗೆ ವರ್ಡ್ ತೆರೆದಿಟ್ಟು, ಹತ್ತು ಶಾರ್ಟ್‌ಕಟ್ ಹಾಕಿಕೊಂಡು, ಬಟನ್ ಒತ್ತಿ ಹಿಡಿದು ಆಫ್ ಮಾಡಿದರೆ ಆ ಹತ್ತೂ ಹೋದವು. ಡಿಸ್ಕ್ ಮೇಲೆ ಫೈಲ್‌ಗಳನ್ನು ಜೋಡಿಸಿಡುವ ವಿಂಡೋಸ್‌ನ ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್ ತನ್ನ ಪಟ್ಟಿಗಳನ್ನು ಕಾಪಾಡಿಕೊಳ್ಳಲು ದಾಖಲೆ ಇಡುತ್ತದೆ ನಿಜ, ಆದರೆ ಫೈಲ್ ಒಳಗಿನ ಅಕ್ಷರಗಳಿಗೆ ಆ ರಕ್ಷಣೆ ಇಲ್ಲ. ಸೆಟ್ಟಿಂಗ್ ಬದಲಿಸಿದ ಮೇಲೆ ಆ ಸಾಫ್ಟ್‌ವೇರ್ ಮುಚ್ಚಿ, ಮತ್ತೆ ತೆರೆದು ನೋಡಿ. ಆಮೇಲೆ ಮೆನುವಿನಿಂದ ಶಟ್‌ಡೌನ್ ಮಾಡಿ. ಅದಾದ ಮೇಲೆಯೇ ಅದು ಸೇವ್ ಆಯಿತು ಅಂತ ನಂಬಿ.

ವಿಂಡೋಸ್ ಬದಲು ಲಿನಕ್ಸ್ ಉಪಯೋಗಿಸುವ ನಾವು ಇದರಿಂದ ಹೊರತಲ್ಲ. 2009ರ ಶುರುವಿನಲ್ಲಿ ಎಕ್ಸ್‌ಟಿ4 ಫೈಲ್ ಸಿಸ್ಟಮ್ ಹೊಸದಾಗಿದ್ದಾಗ, ಮೆಷಿನ್ ಇದ್ದಕ್ಕಿದ್ದಂತೆ ಆಫ್ ಆದವರ ಡೆಸ್ಕ್‌ಟಾಪ್ ಸೆಟ್ಟಿಂಗ್ ಫೈಲ್‌ಗಳು ಸೊನ್ನೆ ಬೈಟ್ ಆಗಿ ಉಳಿದವು. ಫೈಲ್ ಇದೆ, ಒಳಗೆ ಏನೂ ಇಲ್ಲ. ವೇಗಕ್ಕಾಗಿ ಎಕ್ಸ್‌ಟಿ4 ಬರೆಯುವುದನ್ನು ಮುಂದೂಡುತ್ತಿತ್ತು, ಸಾಫ್ಟ್‌ವೇರ್‌ಗಳು ಹಳೆಯದನ್ನು ಖಾಲಿ ಮಾಡಿ ಅದರ ಮೇಲೇ ಹೊಸದನ್ನು ಬರೆಯುತ್ತಿದ್ದವು. ನಡುವೆ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಯಾರದ್ದು ತಪ್ಪು ಅಂತ ದೊಡ್ಡ ಚರ್ಚೆಯೇ ಆಯಿತು. ಎಕ್ಸ್‌ಟಿ4ರ ಮುಖ್ಯ ಡೆವಲಪರ್ ಥಿಯೋಡೋರ್ ತ್ಸೋ, ಸಾಫ್ಟ್‌ವೇರ್ ಬರೆಯುವವರು ಹೊಸ ಫೈಲನ್ನು ಬೇರೆಯಾಗಿ ಬರೆದು, ಡಿಸ್ಕ್‌ಗೆ ಹೋಯಿತು ಅಂತ ಖಚಿತ ಮಾಡಿಕೊಂಡು, ಆಮೇಲೆ ಹೆಸರು ಬದಲಿಸಬೇಕು ಅಂತ ವಾದಿಸಿದರು. ಹಾಗಿದ್ದೂ ಫೈಲ್ ಸಿಸ್ಟಮ್ ಕಡೆಯಿಂದಲೂ ತಿದ್ದುಪಡಿ ಮಾಡಿದರು. ಆ ತಿದ್ದುಪಡಿ ನನಗೆ ತುಂಬ ಇಷ್ಟ. ಬಳಸುವವರ ಸೆಟ್ಟಿಂಗ್ ಹೋಗಬಾರದು ಅನ್ನುವುದು ಮೊದಲು ಬಂತು.

ಬಟನ್ ಕಚ್ಚಿಕೊಳ್ಳದೆ ತಾನಾಗಿ ತಾಗಿ ತಾಗಿ ಬಿಡುತ್ತಿದ್ದರೆ, ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್‌ನಲ್ಲಿ ಪವರ್ ಬಟನ್ ಒತ್ತಿದರೆ ಏನೂ ಮಾಡಬೇಡ ಅಂತ ಹಾಕಬಹುದು. ಸಿಸ್ಟಮ್‌ಡಿ (ಮೆಷಿನ್ ಶುರುವಾಗುವುದು, ಆಫ್ ಆಗುವುದನ್ನು ನೋಡಿಕೊಳ್ಳುವ ಸಾಫ್ಟ್‌ವೇರ್) ಇರುವ ಲಿನಕ್ಸ್‌ನಲ್ಲೂ ಇದಕ್ಕೆ ಒಂದು ಸಾಲು ಇದೆ. ಕೆಲಸದ ನಡುವೆ ಶಟ್‌ಡೌನ್ ಆಗುವುದು ನಿಲ್ಲುತ್ತದೆ. ಆದರೆ ನಾಲ್ಕು ಸೆಕೆಂಡ್‌ನ ನಿಯಮ ಹಾರ್ಡ್‌ವೇರ್‌ನದ್ದು, ಅದಕ್ಕೆ ಈ ಸೆಟ್ಟಿಂಗ್ ಅಡ್ಡ ಬರುವುದಿಲ್ಲ.

ಇನ್ನು ಬಟನ್‌ಗೆ ಏನು ಮಾಡುವುದು? ದಾರಿಗಳು ತುಂಬ ಇವೆ. ಕೀಬೋರ್ಡ್‌ನಿಂದ ಆನ್ ಮಾಡಬಹುದು, ಬೆಳಿಗ್ಗೆ ಒಂಬತ್ತಕ್ಕೆ ತಾನೇ ಆನ್ ಆಗುವಂತೆ ಅಲಾರಂ ಇಡಬಹುದು, ನೆಟ್‌ವರ್ಕ್ ಮೂಲಕ 102 ಬೈಟ್‌ನ ಮ್ಯಾಜಿಕ್ ಪ್ಯಾಕೆಟ್ ಕಳಿಸಿ ಎಬ್ಬಿಸಬಹುದು. ಮೂರಕ್ಕೂ ಗೋಡೆಯ ಸ್ವಿಚ್ ಆನ್ ಇರಬೇಕು. ಬಯೋಸ್‌ನಲ್ಲಿ ಇಆರ್‌ಪಿ ಅನ್ನುವ ಕರೆಂಟ್ ಉಳಿಸುವ ಆಯ್ಕೆ ಇದ್ದರೆ ಅದು ಆಫ್ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಈ ಮೂರೂ ಬಯೋಸ್‌ನ ಸೆಟ್ಟಿಂಗ್‌ಗಳೇ. ಮತ್ತೆ ಅದೇ ಸೆಲ್, ಅದೇ ಕಥೆ. ಮೆಷಿನ್ ಆನ್ ಆಗುವುದು ಮೆಷಿನ್‌ನ ನೆನಪಿನ ಮೇಲೆ ನಿಲ್ಲಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬಟನ್ ಜಾಗಕ್ಕೆ ಬಟನ್ನೇ ಬರಬೇಕು. ತಾತ್ಕಾಲಿಕವಾಗಿ ಸೆಟ್ಟಿಂಗ್ ಸರಿ, ವರ್ಷಗಟ್ಟಲೆ ಅದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ.

‘ಮನೆಯ ಬೆಲ್‌ಗೆ ಹಾಕುವ ಸ್ವಿಚ್ ಹಾಕಿಕೊಡು, ಗಟ್ಟಿ ಇರುತ್ತೆ’ ಅಂತ ಚಿಕ್ಕಪ್ಪ ಅಂದರು. ಅದೂ ಕೆಲಸ ಮಾಡುತ್ತದೆ, ಮಾಡಿಕೊಂಡವರನ್ನು ನೋಡಿದ್ದೇನೆ. ನನಗೆ ಎರಡು ಕಾರಣಕ್ಕೆ ಬೇಡ ಅನ್ನಿಸಿತು. ಬೆಲ್ ಸ್ವಿಚ್‌ನ ತಾಮ್ರ 230 ವೋಲ್ಟ್‌ಗೆ ಮಾಡಿದ್ದು. ಇಷ್ಟು ಸಣ್ಣ ಕರೆಂಟಿಗೆ ಅದರ ಮೇಲಿನ ಕಿಲುಬನ್ನು ದಾಟುವ ಶಕ್ತಿ ಇರುವುದಿಲ್ಲ, ನಮ್ಮ ಮಳೆಗಾಲದ ತೇವಕ್ಕೆ ಕಿಲುಬು ಬೇಗ ಕಟ್ಟುತ್ತದೆ. ಎರಡನೆಯದು, ಮೇಜಿನ ಪಕ್ಕ ಬೆಲ್ ಸ್ವಿಚ್ ಕಂಡ ಯಾರಾದರೂ ಮುಂದೊಂದು ದಿನ ಅದಕ್ಕೆ ಮನೆಯ ಲೈನ್ ಕೊಟ್ಟರೆ ಬೋರ್ಡ್ ಸುಟ್ಟುಹೋಗುತ್ತದೆ.

ಅದಕ್ಕೆ ರೀಸೆಟ್ ಬಟನ್‌ನ ವೈರನ್ನು ಕಿತ್ತು ಪವರ್ ಸ್ವಿಚ್‌ನ ಪಿನ್‌ಗೆ ಸಿಕ್ಕಿಸಿದೆ. ಅದೂ ಒತ್ತಿದಾಗ ಮಾತ್ರ ತಾಗುವ ಅದೇ ತರಹದ ಸ್ವಿಚ್. ಪ್ಲಸ್ ಮೈನಸ್ ಅನ್ನುವ ಗೊಡವೆ ಇಲ್ಲ, ಹೇಗೆ ಸಿಕ್ಕಿಸಿದರೂ ನಡೆಯುತ್ತದೆ. ಇಷ್ಟು ವರ್ಷದಲ್ಲಿ ಅದನ್ನು ಒತ್ತಿದವರೇ ಇಲ್ಲ, ಹೊಸದರ ಹಾಗೇ ಇತ್ತು. ಖರ್ಚು ಸೊನ್ನೆ. ರೀಸೆಟ್ ಬಟನ್ ಇಲ್ಲದಂತಾಯಿತು ಅಂತ ಬೇಸರವೂ ಇಲ್ಲ, ಯಾಕಂದ್ರೆ ಸೇವ್ ಆಗದ ಸೆಟ್ಟಿಂಗ್‌ಗಳಿಗೆ ಅದೂ ಶತ್ರುವೇ. ಇದೂ ಕೆಟ್ಟರೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಉದ್ದ ವೈರ್ ಇರುವ ಡೆಸ್ಕ್‌ಟಾಪ್ ಪವರ್ ಸ್ವಿಚ್ ಸಿಗುತ್ತದೆ, ನಾನೇ ಕಳಿಸುತ್ತೇನೆ ಅಂದಿದ್ದೇನೆ. ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಈಗ ಆಫ್. ರಾತ್ರಿ ಅಂಗಡಿ ಮುಚ್ಚುವಾಗ ಗೋಡೆಯ ಸ್ವಿಚ್ ಆಫ್ ಮಾಡುವುದನ್ನು ಮಾತ್ರ ಬಿಡಿಸಲಿಲ್ಲ. ಸಿಡಿಲಿನ ಊರಿನಲ್ಲಿ ಅದೊಂದು ಒಳ್ಳೆಯ ಅಭ್ಯಾಸ. ಬದಲಿಗೆ ಸೆಲ್ಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಅಂತ ಮಾತಾಯಿತು.

ಸೆಟ್ಟಿಂಗ್‌ಗಳ ಪಟ್ಟಿಯನ್ನು ಚಿಕ್ಕಪ್ಪನೇ ಕಂಪೋಸ್ ಮಾಡಿದರು. ಡಿಸ್ಕ್: ಐಡಿಇ. ಪ್ಯಾರಲಲ್ ಪೋರ್ಟ್ ಮೋಡ್. ಫ್ಲಾಪಿ: ಇಲ್ಲ. ಕೆಳಗೆ ಪ್ರಿಂಟರ್‌ನ ಅಂಚುಗಳು, ಪೇಪರ್ ಸೈಜ್‌ಗಳು, ಸೆಲ್ ಹಾಕಿದ ತಿಂಗಳು. ದಪ್ಪ ಕಾರ್ಡ್ ಮೇಲೆ ಎರಡು ಪ್ರತಿ ತೆಗೆದು ಒಂದನ್ನು ಕ್ಯಾಬಿನೆಟ್‌ನ ತಗಡಿನ ಒಳಬದಿಗೆ ಅಂಟಿಸಿದೆವು, ಇನ್ನೊಂದು ಮನೆಯಲ್ಲಿ ಇದೆ. ಬಾಕಿ ಇರುವುದು ಇಡೀ ಡಿಸ್ಕ್‌ನ ಇಮೇಜ್, ಅಂದರೆ ಯಥಾವತ್ ಪ್ರತಿ, ತೆಗೆಯುವುದು. ಅದಕ್ಕೆ ಅರ್ಧ ದಿನವಾದರೂ ಮೆಷಿನ್ ಬಿಟ್ಟುಕೊಡಬೇಕು. ಶ್ರಾವಣದಲ್ಲಿ ಗಣಪತಿ ಸಮಿತಿಗಳ ರಸೀದಿ ಪುಸ್ತಕ, ಹ್ಯಾಂಡ್‌ಬಿಲ್ ಕೆಲಸ ಶುರುವಾಗುವ ಮೊದಲೇ ಬಾ ಅಂದಿದ್ದಾರೆ.